ಅಪ್ಪ ಇಳಿಯುವ ಹನ್ನೊಂದು ಜಾಗ

ಬೆಳಗೊಳ
3 ಆಗಸ್ಟ್ 1996

ಅಪ್ಪಾ,

ಕೊಡುತ್ತೇನೆ ಅಂದದ್ದು: ಎಸ್ಸೆಸ್ಸೆಲ್ಸಿ ಪಾಸಾದರೆ ಸೈಕಲ್ಲು. ಪಿಯುಸಿ ಪಾಸಾದರೆ ಮೈಸೂರಿನ ಕಾಲೇಜು. ಕಾಲೇಜು ಮುಗಿಯುವ ತನಕ ಮದುವೆಯ ಮಾತಿಲ್ಲ.

ಕೊಡದೆ ಹೋದದ್ದು: ಪಾಸಾದ ನನಗೆ ಸೈಕಲ್ಲು ಬರಲಿಲ್ಲ. ಮರುವರ್ಷ ಫೇಲಾದ ತಮ್ಮ ಮೋಹನನಿಗೆ ಬಂತು, ಗಂಡು ಹುಡುಗ ಬೇಜಾರು ಮಾಡಿಕೊಂಡಾನು ಅಂತ. ಕಾಲೇಜಿಗೆ ನೀನು ಸೇರಿಸಲಿಲ್ಲ, ಅತ್ತೆ ತನ್ನ ಮನೆಯಲ್ಲಿಟ್ಟುಕೊಂಡು ಸೇರಿಸಿದಳು. ಮದುವೆಯ ಮಾತನ್ನು ನನ್ನನ್ನು ಕೇಳದೆ ಶೀಳನೆರೆಯ ಅಕ್ಕಸಾಲಿಗರ ಮನೆಗೆ ಕೊಟ್ಟು ಬಂದೆ. ನಾನು ಒಲ್ಲೆ ಅಂದೆ. "ಅಂಗಾದ್ರೆ ಈ ವಸ್ತಿಲು ತುಳೀಬ್ಯಾಡ" ಅಂದೆ ನೀನು. ತುಳಿದಿಲ್ಲ. ಹತ್ತು ತಿಂಗಳಾಯಿತು.

ತೀರ್ಥರೂಪು, ಸಾಷ್ಟಾಂಗ ಅಂತೆಲ್ಲ ಶುರು ಮಾಡದೆ ಹೀಗೆ ಬರೆದದ್ದಕ್ಕೆ ಸಿಟ್ಟಾಗಬೇಡ. ಮನವಿ ಬರೆಯುವುದನ್ನು ಕಲಿಸಿದವನು ನೀನೇ. ರೈತ ಸಂಘದ ಮನವಿಗಳನ್ನು ನೀನು ಹೇಳುತ್ತಿದ್ದೆ, ನಾನು ಕುಲುಮೆಯ ಪಕ್ಕ ಕೂತು ಬರೆಯುತ್ತಿದ್ದೆ. ಮೊದಲು ಕೊಟ್ಟ ಮಾತು, ಆಮೇಲೆ ತಪ್ಪಿದ ಮಾತು, ಕೊನೆಗೆ ಬೇಡಿಕೆ. ನಮಸ್ಕಾರ ಹಾಕಿ ಶುರು ಮಾಡಿದರೆ ಅಮಲ್ದಾರರು ನಮಸ್ಕಾರದವರೆಗೇ ಓದುತ್ತಾರೆ ಅಂತ ನೀನೇ ಹೇಳಿದ್ದು.

ಈಗ ಬೇಡಿಕೆ. ಒಂದೇ.

ಅಕ್ಟೋಬರ್ 13, ಭಾನುವಾರ ಸೈಕಲ್ ಟ್ರಯಲ್ ಇದೆ. ಎಲ್ಲರನ್ನೂ ಒಟ್ಟಿಗೆ ಬಿಡುವ ರೇಸಲ್ಲ. ಎರಡು ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ, ಗಡಿಯಾರದ ಜೊತೆ ಜಗಳ. ಹದಿನಾಲ್ಕು ಹುಡುಗಿಯರಲ್ಲಿ ಇಬ್ಬರನ್ನು ಆರಿಸುತ್ತಾರೆ. ಆ ಇಬ್ಬರಿಗೆ ರಾಜ್ಯದ ತಂಡ, ಕ್ರೀಡಾ ಹಾಸ್ಟೆಲು, ಓದು ಮುಗಿಯುವವರೆಗೆ ಊಟ. ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತದೆ. ಈ ಸಲ ಆಗದಿದ್ದರೆ ಅತ್ತೆಯೂ ಇನ್ನು ಇಟ್ಟುಕೊಳ್ಳಲಾರಳು, ಬಾಯಿಬಿಟ್ಟು ಹೇಳಿದ್ದಾಳೆ. ಆಮೇಲೆ ಶೀಳನೆರೆಯೇ.

ದಾರಿ ಪಾಂಡವಪುರ ಬಸ್ ನಿಲ್ದಾಣದಿಂದ ನಾಗಮಂಗಲದ ಕಡೆಗೆ ಇಪ್ಪತ್ತು ಕಿಲೋಮೀಟರು. ನಮ್ಮ ಕುಲುಮೆಯ ಮುಂದೆಯೇ ಹಾದು ಹೋಗುತ್ತದೆ. ಇಂಥ ಟ್ರಯಲ್‌ನಲ್ಲಿ ಕಾಲಿನಷ್ಟೇ ದಾರಿಯೂ ಮುಖ್ಯ. ಏರು ಎಲ್ಲಿ, ಎಷ್ಟು ಉದ್ದ ಅಂತ ಗೊತ್ತಿದ್ದವರು ಉಸಿರು ಉಳಿಸಿಕೊಂಡು ಹೋಗುತ್ತಾರೆ, ಗೊತ್ತಿಲ್ಲದವರು ನಡುದಾರಿಯಲ್ಲಿ ಸತ್ತು ಸುಣ್ಣವಾಗುತ್ತಾರೆ. ನಡೆಸುವವರು ನಕ್ಷೆ ಕೊಡುತ್ತೇವೆ ಅಂದರು, ಕೊಡಲಿಲ್ಲ. ಒಂದು ದಿನ ದಾರಿಯ ಮೇಲೆ ಅಭ್ಯಾಸ ಅಂದರು, ಈಗ ಹುಡುಗಿಯರಿಗೆ ರಸ್ತೆ ಸುರಕ್ಷಿತವಲ್ಲ ಅನ್ನುತ್ತಾರೆ. ಕಾಲೇಜಿನ ಗೇರಿನ ಸೈಕಲ್ಲಿಗೆ ಬೀಗ, ಸಂಜೆ ಒಂದೂವರೆ ಗಂಟೆ ಹೊತ್ತು ಮಾತ್ರ ಬಿಚ್ಚಿ ಕೊಡುತ್ತಾರೆ, ಮೈದಾನದಲ್ಲಿ ಗಾಣದೆತ್ತಿನ ಹಾಗೆ ಸುತ್ತಬೇಕು. ಉಳಿದವರ ಅಪ್ಪಂದಿರು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ದಾರಿ ತೋರಿಸಿ ತಂದಿದ್ದಾರೆ.

ನೀನು ಮೂವತ್ತು ವರ್ಷದಿಂದ ಕುಡುಗೋಲು ಮಚ್ಚು ಕಟ್ಟಿಕೊಂಡು ಪಾಂಡವಪುರದ ಸಂತೆಗೂ ನಾಗಮಂಗಲದ ಸಂತೆಗೂ ಅದೇ ರಸ್ತೆ ತುಳಿದವನು. ಪಾಂಡವಪುರದಿಂದ ಕಿಲೋಮೀಟರು ಕಲ್ಲು ಎಣಿಸಿ, ಎಲ್ಲೆಲ್ಲಿ ಸೈಕಲ್ಲಿನಿಂದ ಇಳಿಯುತ್ತೀಯ, ಅಷ್ಟು ಬರೆದು ಕಳಿಸು. ನೀನೇ ಇಳಿಯುವ ಕಡೆ ನನಗೂ ಕಷ್ಟವಿರುತ್ತದೆ. ಮನೆ ಬೇಡ. ರಸ್ತೆ ಕೊಡು.

ನಿನ್ನ ಮಗಳು (ಅಲ್ಲ ಅಂತ ನೀನಿನ್ನೂ ಹೇಳಿಲ್ಲ),
ಪ್ರಮೀಳಾ


ತೊಣ್ಣೂರು ಗೇಟ್
17 ಆಗಸ್ಟ್ 1996

ಪ್ರಮೀಳಾ,

ಮನವಿ ತಲುಪಿತು. ಮೊದಲ ಎರಡು ಭಾಗಕ್ಕೆ ನಾನು ಉತ್ತರ ಕೊಡುವುದಿಲ್ಲ. ಅಪ್ಪನಾದವನು ಕಚೇರಿಯಲ್ಲ, ಅರ್ಜಿ ಹಾಕಿ ಕೆಲಸ ಮಾಡಿಸಿಕೊಳ್ಳಲು. ನಿನ್ನ ಅವ್ವನಿಗೆ ಓದಿ ಹೇಳಿದೆ. "ರಸ್ತೆ ಕೇಳವ್ಳೆ, ಬರ್ಕೊಡೀ ಅತ್ಲಾಗೆ. ರಸ್ತೆ ಏನ್ ನಿಮ್ಮಪ್ಪಂದಾ?" ಅಂದಳು. ಅದಕ್ಕೆ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಎಲ್ಲಿ ಇಳಿಯುತ್ತೇನೆ ಅಂತ. ಬಾಯಲ್ಲಿ ಹೇಳು ಅಂದಿದ್ದರೆ ಆಗುತ್ತಿರಲಿಲ್ಲ. ಗುರುವಾರ ಪಾಂಡವಪುರದಿಂದ ಆ ತುದಿಯವರೆಗೂ ಹೋಗಿ ಬರುವಾಗ ಇಳಿದ ಕಡೆಯೆಲ್ಲ ಕಲ್ಲು ನೋಡಿ, ಬೀಡಿ ಕಟ್ಟಿನ ಕಾಗದದ ಮೇಲೆ ಗುರುತು ಹಾಕಿಕೊಂಡೆ. ಹನ್ನೊಂದು ಜಾಗ.

ಒಂದನೇ ಕಲ್ಲು ದಾಟಿ ಹತ್ತು ಮಾರು. ಮೂರನೇ ಕಲ್ಲು, ನಾಲೆ ಏರಿ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ. ಆರನೇ ಕಲ್ಲು. ಏಳು ದಾಟಿ ಎಡಕ್ಕೆ ತಿರುಗುವಲ್ಲಿ. ಎಂಟು. ಒಂಬತ್ತೂವರೆ. ಹನ್ನೊಂದು. ಹನ್ನೆರಡನೇ ಕಲ್ಲಿನ ಮೋರಿ. ಹದಿನಾರು. ಹತ್ತೊಂಬತ್ತು, ಹುಣಸೆಮರದ ಹತ್ತಿರ.

ಇಷ್ಟೇ. ಒಂದೂ ಬಿಟ್ಟಿಲ್ಲ, ಒಂದೂ ಸೇರಿಸಿಲ್ಲ.

ಶೀಳನೆರೆಯವರು ದೀಪಾವಳಿ ಕಳೆದ ಮೇಲೆ ಬರುತ್ತೇವೆ ಅಂದಿದ್ದಾರೆ. ತಿಳಿದಿರಲಿ.

ಕಾಳಪ್ಪ


ಬೆಳಗೊಳ
2 ಸೆಪ್ಟೆಂಬರ್ 1996

ಅಪ್ಪಾ,

ನೀನು ಬರೆದದ್ದು ಯಾವ ರಸ್ತೆ?

ನಿನ್ನೆ ಭಾನುವಾರ, ಅತ್ತೆಗೆ ಶ್ರೀರಂಗಪಟ್ಟಣದಲ್ಲಿ ಗೆಳತಿಯ ಮನೆ ಅಂತ ಹೇಳಿ, ಅಲ್ಲಿಂದ ಪಾಂಡವಪುರಕ್ಕೆ ಹೋಗಿ ನಾಗಮಂಗಲದ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು, ನಿನ್ನ ಕಾಗದ ತೊಡೆಯ ಮೇಲಿಟ್ಟುಕೊಂಡು ಕಲ್ಲು ಎಣಿಸಿದೆ. ಕಂಡಕ್ಟರು ಎರಡು ಸಲ ನೋಡಿ, "ಏನವ್ವಾ, ಕಲ್ಲು ಎಣಿಸ್ಕೊಂಡ್ ಕುಂತಿದ್ದೀಯ, ರಾತ್ರಿ ಯಾರಾರ ಕದ್ಕೊಂಡೋದ್ರಾ?" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಎಣಿಸುವುದು ಬಿಡಲಿಲ್ಲ.

ಒಂದನೇ ಕಲ್ಲು: ಅಕ್ಕಿ ಗಿರಣಿ. ಅದರ ಮುಂದೆ ರಸ್ತೆ ಅಂಗೈಯಂತೆ ಮಟ್ಟ. ಮೂರನೆಯದು ನಾಲೆ ಏರಿ, ಅದು ನಿಜ, ಏರು ಇದೆ. ನಾಲ್ಕೂವರೆಯಲ್ಲಿ ಮಾರಮ್ಮನ ಗುಡಿ, ಮಟ್ಟ. ಆರರಲ್ಲಿ ನಂಜಪ್ಪನವರ ಕಂಬದ ಮನೆ, ಮಟ್ಟ ಅಲ್ಲ, ಇಳಿಜಾರು! ತುಳಿಯದೆ ಕೂತರೂ ಸೈಕಲ್ಲು ತಾನಾಗಿ ಹೋಗುವ ಕಡೆ ನೀನು ಯಾಕೆ ಇಳಿಯುತ್ತೀಯ? ಏಳರ ತಿರುವಿನಲ್ಲಿ ಅರಳಿಕಟ್ಟೆ, ಅಲ್ಲಿ ನಾಲ್ಕು ಜನ ಗಂಡಸರು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು, ಮಟ್ಟ. ಎಂಟು ಮಟ್ಟ. ಒಂಬತ್ತೂವರೆ ಮಟ್ಟ. ಹನ್ನೊಂದು ಮಟ್ಟ. ಹನ್ನೆರಡರಲ್ಲಿ ಮೋರಿ ಕಿತ್ತು ಹೋಗಿದೆ, ಸರಿ. ಹದಿನಾರು ಯಾರದೋ ಕಬ್ಬಿಣದ ಗೇಟು, ಮಟ್ಟ. ಹತ್ತೊಂಬತ್ತರ ಹುಣಸೆಮರದ ಹತ್ತಿರ ಏನೂ ಇಲ್ಲ. ಏರಿಲ್ಲ, ಗುಂಡಿಯಿಲ್ಲ, ಮನೆಯಿಲ್ಲ. ಬಯಲು, ಅದರಲ್ಲೊಂದು ಮರ.

ಹನ್ನೊಂದರಲ್ಲಿ ಒಂದು ಏರು, ಒಂದು ಗುಂಡಿ. ಉಳಿದ ಒಂಬತ್ತು ಏನು?

ಇನ್ನೊಂದು ಹೇಳುತ್ತೇನೆ ಕೇಳು. ಹದಿನಾಲ್ಕನೇ ಕಲ್ಲಿನಿಂದ ಹದಿನೈದರವರೆಗೆ ಎಂಥಾ ಏರು! ಬಸ್ಸೇ ಎರಡು ಸಲ ಗೇರು ಬದಲಿಸಿ ನರಳಿತು. ಇಡೀ ದಾರಿಯಲ್ಲಿ ಟ್ರಯಲ್ ಗೆಲ್ಲುವುದೂ ಸೋಲುವುದೂ ಅಲ್ಲಿ. ಅದು ನಿನ್ನ ಪಟ್ಟಿಯಲ್ಲೇ ಇಲ್ಲ! ನಾನು ನಿನ್ನ ಕಾಗದ ನಂಬಿಕೊಂಡು ಬಂದಿದ್ದರೆ ಮಟ್ಟದ ಕಡೆಯೆಲ್ಲ ಉಸಿರು ಉಳಿಸಿಕೊಂಡು, ಆ ಏರಿಗೆ ಕುರುಡಿಯ ಹಾಗೆ ಹೋಗಿ ಗುದ್ದುತ್ತಿದ್ದೆ.

ರಾತ್ರಿಯೆಲ್ಲ ಯೋಚಿಸಿದೆ. ಕಲ್ಲು ಆ ಕಡೆಯಿಂದ ಎಣಿಸಿದೆಯಾ ಅಂತ ತಿರುಗಿಸಿ ನೋಡಿದೆ, ಹೊಂದಲಿಲ್ಲ. ಕೆ.ಆರ್.ಪೇಟೆ ರಸ್ತೆ ಬರೆದುಬಿಟ್ಟೆಯಾ ಅಂದುಕೊಂಡೆ, ಆ ರಸ್ತೆಗೆ ನೀನು ಹೋಗುವುದೇ ಇಲ್ಲ. ಕೊನೆಗೆ ಉಳಿದದ್ದು ಒಂದೇ. ಅದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಶೀಳನೆರೆಯವರಿಗೆ ಕೊಟ್ಟ ಮಾತು ಉಳಿಯಲಿ ಅಂತ ಬೇಕೆಂದೇ ತಪ್ಪು ದಾರಿ ಬರೆದೆಯಾ ಅಪ್ಪಾ?

ಅಲ್ಲ ಅನ್ನುವುದಾದರೆ ಆ ಒಂಬತ್ತು ಜಾಗ ಏನು ಅಂತ ಬರೆ. ನನಗೆ ತಲೆ ಓಡುತ್ತಿಲ್ಲ.

ಬಸ್ಸು ಕುಲುಮೆಯ ಮುಂದೆ ಹೋಯಿತು. ನೀನು ತಿದಿ ಊದುತ್ತಿದ್ದೆ. ನೀನು ತಲೆಯೆತ್ತಲಿಲ್ಲ, ನಾನೂ ಕೂಗಲಿಲ್ಲ.

ಪ್ರಮೀಳಾ


ತೊಣ್ಣೂರು ಗೇಟ್
12 ಸೆಪ್ಟೆಂಬರ್ 1996

ಪ್ರಮೀಳಾ,

ಸಂಘದ ಚಳವಳಿಯಲ್ಲಿ ಹನ್ನೆರಡು ದಿನ ಜೈಲಿನಲ್ಲಿದ್ದಾಗ ಇನ್ಸ್‌ಪೆಕ್ಟರು ನನ್ನನ್ನು ಸುಳ್ಳುಗಾರ ಅನ್ನಲಿಲ್ಲ. ನನ್ನ ಮಗಳು ಅಂದಳು. ಆಗಲಿ.

ನಿನ್ನ ಕಾಗದ ಓದಿ ಹರಿದು ಹಾಕೋಣ ಅನ್ನಿಸಿತು. ಹರಿಯಲಿಲ್ಲ, ಯಾಕೆಂದರೆ ಹದಿನಾಲ್ಕನೇ ಕಲ್ಲಿನ ಏರಿನ ಮಾತು ಸರಿಯಾಗಿತ್ತು. ಆ ಏರು ಇರುವುದು ನಿಜ. ಅಲ್ಲಿ ನಾನು ಯಾವತ್ತೂ ಇಳಿದಿಲ್ಲ. ಹಿಂದೆ ಒಂದು ಮಣ ಕಬ್ಬಿಣ ಕಟ್ಟಿಕೊಂಡು ತುಳಿದು ಹತ್ತಿಸಿದ್ದೇನೆ. ಸಮ್ಮಟಿ ಹೊಡೆದ ಮೈ, ಏರಿಗೆ ಬಗ್ಗುವುದಿಲ್ಲ. ನೀನು ಇಳಿಯುವ ಜಾಗ ಕೇಳಿದೆ, ಇಳಿಯದ ಜಾಗ ನಾನು ಯಾಕೆ ಬರೆಯಲಿ?

ಹಾಗಾದರೆ ಮಟ್ಟದಲ್ಲಿ ಯಾಕೆ ಇಳಿಯುತ್ತೇನೆ? ಇದು ನನಗೂ ಗೊತ್ತಾಗಲಿಲ್ಲ. ನಿಜ ಹೇಳುತ್ತೇನೆ, ನಿನ್ನ ಕಾಗದ ಓದುವವರೆಗೂ ಅಲ್ಲಿ ಏರಿದೆ ಅಂತಲೇ ನನ್ನ ತಲೆಯಲ್ಲಿತ್ತು. ಏರಿಲ್ಲದೆ ಯಾರಾದರೂ ಇಳಿಯುತ್ತಾರಾ?

ಇವತ್ತು ಸಂತೆಗೆ ಹೊರಟೆ. ಏರೋ ಇಳಿಜಾರೋ ಕಣ್ಣಾರೆ ನೋಡಿಬಿಡೋಣ ಅಂತ ಆರನೇ ಕಲ್ಲಿನ ಮೇಲೇ ಕಣ್ಣಿಟ್ಟು ಹೋಗುತ್ತಿದ್ದೆ. ಕಲ್ಲು ಬರುವುದಕ್ಕೆ ಮೊದಲೇ ನನ್ನ ಬಲಗಾಲು ಸೀಟಿನ ಮೇಲಿಂದ ಈಚೆಗೆ ಬಂದಿತ್ತು. ನಾನು ತಂದದ್ದಲ್ಲ, ಬಂದಿತ್ತು. ನೆಲ ಮುಟ್ಟಿದ ಮೇಲೆ ತಿಳಿಯಿತು. ತಲೆಯೆತ್ತಿ ನೋಡಿದೆ. ನಂಜಪ್ಪನವರ ಕಂಬದ ಮನೆ. ಜಗಲಿಯ ಮೇಲೆ ಯಾರೂ ಇರಲಿಲ್ಲ, ಒಂದು ನಾಯಿ ಮಲಗಿತ್ತು. ನಾಯಿಗೆ ಇಳಿದೆ ನಾನು.

ಅಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಕೇರಿಯ ಚಿಕ್ಕಮಾದಯ್ಯ ಸೈಕಲ್ಲು ತಳ್ಳಿಕೊಂಡು ಬಂದ, ಅವನೂ ಸಂತೆಗೆ. "ಇದ್ಯಾಕ್ರಾಚಾರ್ರೆ, ದಾರಿ ಮರ್ತೋದೋರಂಗೆ ನಿಂತ್ಬುಟ್ರಿ?" ಅಂದ.

"ಲೇ ಚಿಕ್ಕಮಾದ, ಇಲ್ಲಿ ಏರದಾ ಇಳಿಜಾರದಾ?" ಅಂದೆ.

"ತಳ್ಕೊಂಡೋಗೋನಿಗೆ ಎಲ್ಲಾ ಒಂದೆಯಾ," ಅಂದು ಹೋದ.

1984ರಲ್ಲಿ ಏಳನೇ ಕಲ್ಲಿನ ಅರಳಿಕಟ್ಟೆಯ ಮೇಲೆ ನಿಂತು ಮೈಕಿನಲ್ಲಿ ಕೂಗಿದವನು ನಾನು. ಯಾವ ಮನೆಯ ಮುಂದೆಯೂ ಬಗ್ಗಬೇಡಿ, ಯಾರಿಗೂ ಇಳಿಯಬೇಡಿ ಅಂತ. ನೀನು ಆರು ವರ್ಷದವಳು, ನಿನ್ನವ್ವನ ಸೊಂಟದ ಮೇಲೆ ಕೂತು ಚಪ್ಪಾಳೆ ತಟ್ಟಿದೆ. ಭಾಷಣ ಮುಗಿಸಿ ಸೈಕಲ್ಲು ಹತ್ತಿದೆ. ಅವತ್ತು ಆ ಮನೆಯ ಮುಂದೆ ಇಳಿದೆನೋ ಇಲ್ಲವೋ? ಕೂತು ನೆನೆಸಿಕೊಳ್ಳುತ್ತಿದ್ದೇನೆ. ನೆನಪಾಗುತ್ತಿಲ್ಲ. ಇಳಿಯದೆ ಇದ್ದಿದ್ದರೆ ನೆನಪಿರುತ್ತಿತ್ತು.

ಉಳಿದ ಜಾಗ ನೋಡಬೇಕು. ನೋಡಿ ಬರೆಯುತ್ತೇನೆ.

ಕಾಳಪ್ಪ


ತೊಣ್ಣೂರು ಗೇಟ್
21 ಸೆಪ್ಟೆಂಬರ್ 1996

ಅಕ್ಕಾ,

ನಾನು ಮೋಹನ. ಅಪ್ಪನಿಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ. ನೀನು ಏನು ಬರೆದು ಕಳಿಸಿದೆಯೋ ಗೊತ್ತಿಲ್ಲ, ಅಪ್ಪನಿಗೆ ಏನೋ ಆಗಿದೆ.

ಒಂದು ವಾರದಿಂದ ಸಂತೆಯಿರಲಿ ಇಲ್ಲದಿರಲಿ, ಬೆಳಿಗ್ಗೆ ಎದ್ದು ಬರಿ ಸೈಕಲ್ಲು ತೆಗೆದುಕೊಂಡು ಹೊರಡುತ್ತಾನೆ. ಅವ್ವ "ಎಲ್ಲಿಗ್ರೀ?" ಅಂದರೆ "ಆರನೇ ಕಲ್ಲಿಗೆ" ಅನ್ನುತ್ತಾನೆ. ಸೋಮವಾರ ಹಿಂದೆಯೇ ಹೋದೆ. ನಂಜಪ್ಪನವರ ಮನೆ ಇನ್ನೇನು ಬಂತು ಅನ್ನುವಾಗ ಇಳಿದ. ಹಲ್ಲು ಕಚ್ಚಿಕೊಂಡು ವಾಪಸ್ ತಿರುಗಿಸಿ, ಮತ್ತೆ ಹತ್ತಿ ಬಂದ, ಮತ್ತೆ ಇಳಿದ. ಮೂರು ಸಲ. ನಾಲ್ಕನೇ ಸಲ ಇಳಿಯಬಾರದು ಅಂತ ಹ್ಯಾಂಡಲ್ಲು ಬಿಗಿ ಹಿಡಿದು ಕಣ್ಣು ಮುಚ್ಚಿದನೋ ಏನೋ, ಸೀದಾ ಕಾಲುವೆಗೆ ಹೋದ. ಮೊಣಕೈ ತರಚಿದೆ. "ಏನಪ್ಪಾ ಇದು?" ಅಂದೆ. "ಕಲೀತಾ ಇವ್ನಿ, ಓಗ್ಲಾ" ಅಂದ. ಐವತ್ತೆರಡು ವರ್ಷದವನು ಸೈಕಲ್ಲು ಕಲಿಯುತ್ತಾನಂತೆ!

ಗುರುವಾರ ದಾಟಿದ. ನಾನು ಕಣ್ಣಾರೆ ಕಂಡೆ. ನಂಜಪ್ಪನವರು ಜಗಲಿಯ ಮೇಲೆ ಹಲ್ಲುಕಡ್ಡಿ ಹಿಡಿದು ಕೂತಿದ್ದರು. ಅಪ್ಪ ನೆಟ್ಟಗೆ ಕೂತು, ಬೆಲ್ಲು ಕೂಡ ಹೊಡೆದು ದಾಟಿದ. ಅವರು ಎದ್ದೇ ನಿಂತರು.

"ಯಾಕೋ ಆಚಾರಿ, ಬ್ರೇಕು ಕೆಟ್ಟೋಗದಾ?"

ಅಪ್ಪ ಮುಂದೆ ಹೋಗಿ ಸೈಕಲ್ಲಿನ ಮೇಲೆ ಕೂತೇ ಒಂದು ಕಾಲು ಊರಿ ನಿಂತ. "ಬ್ರೇಕು ಸರಿಯಾಗದೆ ಗೌಡ್ರೆ."

"ಮತ್ತೆ ಇಳೀನೇ ಇಲ್ಲ?"

"ಇಳೀಬೇಕಿತ್ತಾ?"

ಅಕ್ಕಾ, ಈಗ ಬೈಯುತ್ತಾರೆ, ಹೊಡೆದಾಟವೇ ಆಗುತ್ತದೆ ಅಂತ ನಾನು ಕಲ್ಲು ಹುಡುಕುತ್ತಿದ್ದೆ. ಅವರು ಬೈಯಲಿಲ್ಲ. ನಿಜಕ್ಕೂ ದಿಕ್ಕು ತೋಚದವರ ಹಾಗೆ ನೋಡಿ, "ಅಲ್ಲಾ ಕಣಯ್ಯಾ, ನಿಂಗೆ ಇಳಿ ಅಂತ ನಾನ್ಯಾವತ್ತು ಏಳಿದ್ದೆ? ನಮ್ಮಪ್ಪ ಏಳಿದ್ನಾ? ನೀವೇ ಇಳೀತಿದ್ರಿ, ನೀವೇ ಬುಟ್ರಿ. ನಂಗೇನಾಗ್ಬೇಕು?" ಅಂದರು. ಅಪ್ಪ ಊರಿದ ಕಾಲು ಎತ್ತಿ ಪೆಡಲ್ಲಿನ ಮೇಲಿಟ್ಟ. ಬೈದಿದ್ದರೆ ಚೆನ್ನಾಗಿತ್ತು ಅನ್ನುವ ಮುಖ ಮಾಡಿಕೊಂಡು ಬಂದ.

ನಂಗೇನಾಗ್ಬೇಕು ಅಂದವರ ಮನೆಯಿಂದ ಶುಕ್ರವಾರ ನೇಗಿಲ ಗುಳ ತಟ್ಟಿಸಲು ಬರಬೇಕಿತ್ತು. ಬರಲಿಲ್ಲ. ಅವರ ಅಣ್ಣತಮ್ಮಂದಿರ ಮೂರು ಮನೆಯವರೂ ಬರಲಿಲ್ಲ. ಪಾಂಡವಪುರದಲ್ಲಿ ವೆಲ್ಡಿಂಗ್ ಅಂಗಡಿಯಿದೆಯಲ್ಲ, ಅಲ್ಲಿಗೆ ಹೋದವಂತೆ. ಯಾರೂ ಏನೂ ಹೇಳಿಲ್ಲ, ಗುಳ ಬರಲಿಲ್ಲ ಅಷ್ಟೆ. ಸುಗ್ಗಿಯಲ್ಲಿ ಆ ನಾಲ್ಕು ಮನೆಯಿಂದ ಬರುವ ರಾಗಿಯಲ್ಲೇ ಅರ್ಧ ವರ್ಷ ಉಣ್ಣುವುದು ನಾವು. ಅವ್ವ ತುಟಿ ಪಿಟಕ್ ಅನ್ನುತ್ತಿಲ್ಲ.

ನೀನು ಅಲ್ಲಿ ಕೂತು ಕಾಗದ ಬರೆಯುತ್ತೀಯ, ಇಲ್ಲಿ ಕಾಲುವೆಗೆ ಬೀಳುವವನು ಅಪ್ಪ. ಸಾಕು ಮಾಡು ಅಂತ ಬರೆಯಲು ಕೂತೆ. ಆದರೆ ಅಪ್ಪ ಬೆಲ್ಲು ಹೊಡೆದನಲ್ಲ, ಅದು ಕಿವಿಯಲ್ಲಿ ಇನ್ನೂ ಕೇಳಿಸುತ್ತಿದೆ. ಸಾಕು ಮಾಡು ಅನ್ನಲೋ ಬೇಡವೋ ತಿಳಿಯುತ್ತಿಲ್ಲ.

ಆ ಸೈಕಲ್ಲು ನಾನು ಕೇಳಿರಲಿಲ್ಲ ಕಣಕ್ಕಾ. ಕೊಟ್ಟರು, ತಗೊಂಡೆ.

ಮೋಹನ್ ಕುಮಾರ್


ಬೆಳಗೊಳ
26 ಸೆಪ್ಟೆಂಬರ್ 1996

ಅಪ್ಪಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೊನ್ನೆ ಮೋಹನನದೂ ಬಂತು. ಅವನನ್ನು ಬೈಯಬೇಡ.

ಸುಳ್ಳುಗಾರ ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ನೀನು ಬರೆದಂಥ ನಿಜ ಯಾರೂ ಬರೆಯುವುದಿಲ್ಲ, ಸಂಘದ ಯಾವ ಮನವಿಯಲ್ಲೂ ಇರಲಿಲ್ಲ. ಆದರೆ ನನಗೆ ಸಿಟ್ಟು ಹೋಗಿಲ್ಲ, ಯಾರ ಮೇಲೆ ಅಂತಲೇ ಗೊತ್ತಾಗುತ್ತಿಲ್ಲ. ನಿನ್ನ ಭಾಷಣ ಕೇಳಿ ಬೆಳೆದವಳು ನಾನು. ಆ ಮೈಕಿನಲ್ಲಿ ಮಾತಾಡಿದವನೂ ನಾಯಿಗೆ ಇಳಿದವನೂ ಒಬ್ಬನೇನಾ? ಇಬ್ಬರಲ್ಲಿ ಯಾರಿಗೆ ಕಾಗದ ಬರೆಯಲಿ?

ಒಂದು ವಿಷಯ ಹೇಳಬೇಕು. ಮೈದಾನದಲ್ಲಿ ನನ್ನ ಸುತ್ತು ಯಾವಾಗಲೂ ಎಂಟು ಸೆಕೆಂಡು ತಡ. ಆಟ ಕಲಿಸುವ ಮೇಡಂ ಗಡಿಯಾರ ಹಿಡಿದು ಸುತ್ತಿನ ಕಾಲುಭಾಗಕ್ಕೊಂದರಂತೆ ಅಳೆದರು. ಮೂರು ಭಾಗದಲ್ಲಿ ನಾನು ಎಲ್ಲರಿಗಿಂತ ಮುಂದೆ. ಕ್ಯಾಂಟೀನಿನ ಕಡೆಯ ಭಾಗದಲ್ಲಿ ಹಿಂದೆ. "ಅಲ್ಲೇನು ಮಣ್ಣು ಸಡಿಲವಾ?" ಅಂದರು. ಹೌದು ಮೇಡಂ, ಗಾಳಿ ಕೂಡ ಎದುರು ಅಂದೆ. ನಿನ್ನ ಕಾಗದ ಬಂದ ಮೇಲೆ ಆ ಕಡೆ ಬರುವಾಗ ನನ್ನ ಕಾಲು ನೋಡಿಕೊಂಡೆ. ಮಣ್ಣೂ ಇಲ್ಲ, ಗಾಳಿಯೂ ಇಲ್ಲ. ಕ್ಯಾಂಟೀನಿನ ಕಟ್ಟೆಯ ಮೇಲೆ ಹುಡುಗರು ಕೂತಿರುತ್ತಾರೆ. ನಾನು ತುಳಿಯುವುದು ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ, ಒಂದು ಕೈಯಲ್ಲಿ ಅಂಗಿ ಎಳೆದುಕೊಳ್ಳುತ್ತೇನೆ. ಪ್ರತಿ ಸುತ್ತು! ಹುಡುಗರಿಲ್ಲದ ದಿನವೂ.

ಯಾರೂ ಹೇಳಿರಲಿಲ್ಲ ನನಗೆ. ನಂಜಪ್ಪನವರು ಸರಿಯಾಗಿಯೇ ಹೇಳಿದರು. ಬಾಯಿಬಿಟ್ಟು ಹೇಳಬೇಕಾಗಿ ಬಂದರೆ ಅದೆಂಥಾ ಗೌಡಿಕೆ?

ಐದು ದಿನದಿಂದ ಆ ಕಡೆ ಬರುವಾಗ ಬಾಯಲ್ಲಿ ಆರನೇ ಕಲ್ಲು, ಆರನೇ ಕಲ್ಲು ಅಂದುಕೊಂಡು ತುಳಿಯುತ್ತಿದ್ದೇನೆ. ಎಂಟು ಸೆಕೆಂಡು ಮೂರಕ್ಕೆ ಬಂದಿದೆ.

ಟ್ರಯಲ್‌ಗೆ ಹದಿನೇಳು ದಿನ ಇದೆ. ದಾರಿ ನನಗಿನ್ನೂ ಗೊತ್ತಿಲ್ಲ. ಗುಳ ಬರಲಿಲ್ಲ ಅಂತ ಮೋಹನ ಬರೆದಿದ್ದಾನೆ. ನೀನು ವಾಪಸ್ ಇಳಿಯಲು ಶುರು ಮಾಡುತ್ತೀಯಾ ಅಂತ ಕೇಳುವ ಧೈರ್ಯ ನನಗಿಲ್ಲ. ರಾಗಿ ಉಣ್ಣುವವರು ನೀವು, ನಾನಲ್ಲ.

ಬರೆಯುವುದಾದರೆ ರಸ್ತೆ ಬರೆ. ಈ ಸಲ ಏರು ಎಲ್ಲಿ ಅಂತ ಬರೆ.

ಪ್ರಮೀಳಾ


ತೊಣ್ಣೂರು ಗೇಟ್
30 ಸೆಪ್ಟೆಂಬರ್ 1996

ಪ್ರಮೀಳಾ,

ರಸ್ತೆ ಮೊದಲು. ಇಪ್ಪತ್ತು ಕಿಲೋಮೀಟರಿಗೆ ಏರು ಎರಡೇ. ಮೂರನೇ ಕಲ್ಲಿನ ನಾಲೆ ಏರಿ ಗಿಡ್ಡದು, ಹಿಂದಿನ ಓಟದಲ್ಲೇ ಹತ್ತಿಬಿಡು. ಹದಿನಾಲ್ಕರದು ಉದ್ದ. ಅರ್ಧಕ್ಕೆ ಬಂದಾಗ ಮುಗಿಯಿತು ಅನ್ನಿಸುತ್ತದೆ, ಮುಗಿದಿರುವುದಿಲ್ಲ, ಬಲಕ್ಕೆ ತಿರುಗಿ ಇನ್ನೂ ಅಷ್ಟೇ ಇದೆ. ಮೊದಲೇ ಎದ್ದು ನಿಂತು ತುಳಿಯಬೇಡ, ತಿರುವು ಕಂಡ ಮೇಲೆ ಏಳು. ಹನ್ನೆರಡರ ಮೋರಿಯಲ್ಲಿ ಎಡಗಡೆ ಒಂದು ಮೊಳ ಜಾಗ ಗಟ್ಟಿಯಿದೆ, ಕಣ್ಣು ಅಲ್ಲೇ ಇಡು. ಎಂಟು ದಾಟಿದ ಮೇಲೆ ಕಬ್ಬಿನ ಟ್ರಾಕ್ಟರು ಗದ್ದೆಯಿಂದ ಕೆಸರು ಎಳೆದು ತಂದಿರುತ್ತವೆ, ಮಳೆಯಾಗಿದ್ದರೆ ನಡುರಸ್ತೆ ಹಿಡಿ. ಹದಿನಾರರಿಂದ ಬಯಲು, ಪಡುವಣ ಗಾಳಿ ಎಡಗೆನ್ನೆಗೆ ಹೊಡೆಯುತ್ತದೆ.

ಈಗ ಉಳಿದ ಒಂಬತ್ತು. ಗಿರಣಿ, ನಂಜಪ್ಪನವರ ಮನೆ, ಅರಳಿಕಟ್ಟೆ, ಎಂಟು, ಒಂಬತ್ತೂವರೆ, ಹನ್ನೊಂದು, ಹದಿನಾರು, ಈ ಏಳು ಜಾಗವನ್ನೂ ದಾಟಿದ್ದೇನೆ. ಒಂದೊಂದೂ ಒಂದೆರಡು ದಿನ ಹಿಡಿಯಿತು. ಕಟ್ಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಳ್ಳಯ್ಯ "ಆಚಾರಿಗೆ ವಯಸ್ಸಾಯ್ತು ಕಣ್ಲಾ, ಇಳೀಕ್ಕಾಗ್ದು" ಅಂದ. ನಗು ಬಂತು. ಮಾರಮ್ಮನ ಗುಡಿಯ ಹತ್ತಿರ ಇಳಿಯುತ್ತೇನೆ, ಇಳಿಯುತ್ತಲೇ ಇರುತ್ತೇನೆ. ಅದು ನಾನು ಇಳಿಯುವುದು, ಕಾಲು ಇಳಿಯುವುದಲ್ಲ. ನೀನು ಟ್ರಯಲ್ ದಿನ ಇಳಿಯಬೇಡ. ಅವಳು ಹೆಣ್ಣು, ಕೋಪ ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಬರೆಯಬೇಕು. ಬರೆಯದೆ ಇದ್ದರೆ ಆಗುತ್ತಿತ್ತು.

ಶನಿವಾರ ಕುಲುಮೆಯಲ್ಲಿ ಕೂತಿದ್ದೆ. ಚಿಕ್ಕಮಾದಯ್ಯ ಸೈಕಲ್ಲಿನಲ್ಲಿ ಬಂದವನು ನಮ್ಮ ಕುಲುಮೆ ಬರುತ್ತಿದ್ದ ಹಾಗೆ ಇಳಿದು, ತಳ್ಳಿಕೊಂಡು ಹೋಗಿ, ದಾಟಿದ ಮೇಲೆ ಹತ್ತಿದ. ಇಪ್ಪತ್ತು ವರ್ಷದಿಂದ ಅವನು ಹೀಗೇ ಹೋಗುತ್ತಿದ್ದಾನೆ. ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಅವತ್ತು ಕಂಡಿತು.

ಓಡಿ ಹೋಗಿ ಹಿಡಿದೆ. "ಯಾಕ್ಲಾ ನಮ್ಮನೆ ಮುಂದೆ ಇಳೀತೀಯ?"

ಕಳ್ಳತನ ಹಿಡಿದ ಹಾಗೆ ಹೆದರಿಬಿಟ್ಟ. "ಇಳೀದೆ ಓದ್ರೆ ನೀವೇನಂದ್ಕತೀರೋ ಅಂತ ಆಚಾರ್ರೆ."

"ನಾನ್ಯಾವತ್ಲಾ ಇಳಿ ಅಂತ ಏಳಿದ್ದೆ?" ಅಂದೆ.

ಅಂದ ಮೇಲೆ ಕೇಳಿಸಿತು. ನಂಜಪ್ಪನವರ ಮಾತು, ಅಕ್ಷರ ಬಿಡದೆ, ನನ್ನ ಬಾಯಿಂದ. ಅವನು ತಲೆ ತಗ್ಗಿಸಿ ನಿಂತ. ನನ್ನ ಪಟ್ಟಿಯಲ್ಲಿ ಹನ್ನೊಂದು ಜಾಗವಿದ್ದರೆ ಅವನದರಲ್ಲಿ ಎಷ್ಟಿರಬಹುದು? ಕೇಳಿದೆ. "ಲೆಕ್ಕ ಯಾಕೆ ಆಚಾರ್ರೆ, ಊರು ಬಂತು ಅಂದ್ರೆ ಇಳಿಯಾದು, ಊರು ದಾಟ್ತು ಅಂದ್ರೆ ಅತ್ತಾದು" ಅಂದ. ಅವನಿಗೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಭಾಷಣವಂತೂ ಮಾಡಲಿಲ್ಲ. ನಾಳೆಯಿಂದ ಇಳಿಯಬೇಡ ಅಂದೆ. ಆಯ್ತು ಅಂದ. ಮಾರನೇ ದಿನ ಇಳಿದ.

ಗುಳ ಇನ್ನೂ ಬಂದಿಲ್ಲ. ನಿನ್ನವ್ವ ನಿನ್ನೆ ಬಾಯಿ ಬಿಟ್ಟಳು. "ಇಳ್ದು ಇಳ್ದು ಉಂಡಿದ್ದು ಸಾಕು, ಬೇರೆ ಏನಾದ್ರೂ ಮಾಡನ" ಅಂದಳು. ಬೇರೆ ಏನು ಅಂತ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ವಾಪಸ್ ಇಳಿಯುವುದಿಲ್ಲ. ಅಷ್ಟು ಮಾತ್ರ ಗೊತ್ತು.

ಶುಕ್ರವಾರ ಶೀಳನೆರೆಗೂ ಹೋಗಿ ಬಂದೆ. ಮಗಳನ್ನು ಕೇಳದೆ ಕೊಟ್ಟ ಮಾತು, ಕೊಡಲು ನನಗೆ ಅಧಿಕಾರವಿರಲಿಲ್ಲ, ವಾಪಸ್ ಕೊಡಿ ಅಂದೆ. ಹುಡುಗನ ತಾಯಿ ಕೊಟ್ಟ ಕಾಫಿ ಲೋಟ ವಾಪಸ್ ಇಸಿದುಕೊಂಡರು. ನೀನು ಗೆದ್ದರೂ ಸರಿ, ಹದಿನಾಲ್ಕನೆಯವಳಾಗಿ ಬಂದರೂ ಸರಿ, ಆ ಮಾತು ಈಗಿಲ್ಲ.

ಇನ್ನು ನಿನ್ನ ಮನವಿಯ ಮೊದಲ ಎರಡು ಭಾಗ. ಕೊಡುತ್ತೇನೆ ಅಂದದ್ದು: ಸೈಕಲ್ಲು. ಕೊಡದೆ ಹೋದದ್ದು: ಸೈಕಲ್ಲು. ಮೋಹನ ತನ್ನದನ್ನು ತಾನಾಗಿಯೇ ಬಿಚ್ಚಿ, ಬೇರಿಂಗು ತೊಳೆದು, ಸೀಟು ನಿನ್ನ ಎತ್ತರಕ್ಕೆ ಇಳಿಸಿದ್ದಾನೆ. ಗೇರಿಲ್ಲ. ದಾರಿ ಕಲಿಯಲು ಗೇರು ಬೇಡ.

ಒಂಬತ್ತರಲ್ಲಿ ಒಂದು ಉಳಿದಿದೆ. ಹತ್ತೊಂಬತ್ತನೇ ಕಲ್ಲಿನ ಹುಣಸೆಮರ. ಅಲ್ಲಿ ಮೊದಲು ದೊಡ್ಡ ಮನೆಯಿತ್ತು. ನನ್ನಪ್ಪ ಅದರ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ, ನಾನು ಅವನ ಹಿಂದೆ. ಆ ಮನೆಯವರು ಜಮೀನು ಮಾರಿ ಊರು ಬಿಟ್ಟರು, ಗೋಡೆ ಬಿತ್ತು, ಕಲ್ಲನ್ನೂ ಜನ ಹೊತ್ತುಕೊಂಡು ಹೋದರು. ಈಗ ಅಲ್ಲಿ ಯಾರೂ ಇಲ್ಲ. ಗೌಡರ ಮನೆ ದಾಟಿದೆ, ಕಟ್ಟೆ ದಾಟಿದೆ, ಈ ಬಯಲು ದಾಟಲು ಆಗುತ್ತಿಲ್ಲ. ಆರು ಸಲ ಹೋದೆ. ಆರು ಸಲವೂ ಕಾಲು ನೆಲದ ಮೇಲೆ. ಇದ್ದವರಿಗಾದರೆ ಬೆಲ್ಲು ಹೊಡೆಯಬಹುದು. ಇಲ್ಲದವರಿಗೆ ಏನು ಮಾಡುವುದು, ನೀನು ಓದಿದವಳು, ಗೊತ್ತಿದ್ದರೆ ಹೇಳು.

ಟ್ರಯಲ್ ದಿನ ಕೊನೆಯ ಒಂದು ಕಿಲೋಮೀಟರು ಆ ಮರದಿಂದಲೇ ಶುರು. ಅಲ್ಲಿ ನೀನು ನಿಲ್ಲಬಾರದು. ಅದಕ್ಕೆ ಮೊದಲು ಒಂದು ಸಲ ನನ್ನ ಮುಂದೆ ಹೋಗು, ನಾನು ನಿನ್ನ ಹಿಂದಿನ ಗಾಲಿ ನೋಡಿಕೊಂಡು ಬರುತ್ತೇನೆ, ಮರ ನೋಡುವುದಿಲ್ಲ. ಚಿಕ್ಕಮಾದಯ್ಯನನ್ನೂ ಕರೆದಿದ್ದೇನೆ. ಬರುತ್ತೇನೆ ಅಂದಿದ್ದಾನೆ, ಬರುತ್ತಾನೋ ಇಲ್ಲವೋ. ಅತ್ತೆಗೆ ಗೆಳತಿಯ ಮನೆ ಅಂತ ಸುಳ್ಳು ಹೇಳಬೇಡ, ಅಪ್ಪ ಕರೆದಿದ್ದಾನೆ ಅಂತ ಹೇಳಿ ಹಿಂದಿನ ಸಂಜೆಯೇ ಹೊರಟು ಬಾ. ವಸ್ತಿಲು ಅಲ್ಲೇ ಇದೆ.

ಅಕ್ಟೋಬರ್ 6, ಭಾನುವಾರ. ಪಾಂಡವಪುರ ಬಸ್ ನಿಲ್ದಾಣದಿಂದ ಬೆಳಿಗ್ಗೆ ಆರಕ್ಕೆ ಹೊರಡುವುದು. ಹುಣಸೆಮರದ ಹತ್ತಿರ ಏಳೂಕಾಲಿಗೆ.

ಕಾಳಪ್ಪ,
ನಿನ್ನ ಅಪ್ಪ